ಡಬ್ಬಿ ಮುಗಿದ ಮರುದಿನ

ಪ್ರಶ್ನೆ: ನನಗೆ 43 ವರ್ಷ. ಎತ್ತರ 168 ಸೆಂಟಿಮೀಟರ್, ತೂಕ 96 ಕೆ.ಜಿ. ಟೈಪ್ 2 ಮಧುಮೇಹ ಬಂದು ಮೂರು ವರ್ಷವಾಯಿತು. ಅದಕ್ಕೆ ಎರಡು ಬಗೆಯ ಗುಳಿಗೆ, ರಕ್ತದೊತ್ತಡಕ್ಕೆ ಒಂದು ಗುಳಿಗೆ ತೆಗೆದುಕೊಳ್ಳುತ್ತಿದ್ದೇನೆ. ಎರಡು ವರ್ಷದ ಹಿಂದೆ ನಾನಾಗಿಯೇ ದಿನಕ್ಕೆ ಎರಡು ಊಟ ಬಿಟ್ಟು, ಅವುಗಳ ಜಾಗದಲ್ಲಿ ಪುಡಿ ಕದಡಿದ ಪೇಯ ಕುಡಿದೆ. ಮೂರು ತಿಂಗಳಲ್ಲಿ 9 ಕೆ.ಜಿ. ಇಳಿಯಿತು. ನಿಲ್ಲಿಸಿದ ಮೇಲೆ ಹತ್ತು ತಿಂಗಳಲ್ಲಿ 8 ಕೆ.ಜಿ. ಮರಳಿ ಬಂತು. ನನಗೆ ಮನೋಬಲ ಸಾಲದು ಎಂದು ಮನೆಯವರು ಹೇಳುತ್ತಾರೆ, ನನಗೂ ಹಾಗೆಯೇ ಅನಿಸುತ್ತದೆ. ಈಗ ವೈದ್ಯರು 12 ವಾರ ಪೂರ್ತಿಯಾಗಿ ಊಟದ ಬದಲಿ ಆಹಾರ, ಜೊತೆಗೆ ಒಂದು ವರ್ಷ ಜೀವನಶೈಲಿ ಶಿಕ್ಷಣದ ತರಗತಿ ಎನ್ನುತ್ತಿದ್ದಾರೆ. ಕೆಲಸ ಮಾಡುವುದು ಪುಡಿಯೋ, ತರಗತಿಯೋ? ತೂಕ ಮತ್ತೆ ಬರುವುದಿಲ್ಲವೇ? ಇದು ಸುರಕ್ಷಿತವೇ? ಕಳೆದ ಸಲ ಉಳಿದ ಎರಡು ಡಬ್ಬಿಗಳನ್ನು ಇನ್ನೂ ತೆರೆದಿಲ್ಲ. ಬಳಸಬಹುದೇ?

ಉತ್ತರ: ಪುಡಿ ತೂಕ ಇಳಿಸುತ್ತದೆ. ಇಳಿದ ತೂಕವನ್ನು ಕಾಯುವುದು ಅದರ ಕೈಲಾಗದು. ಕಾಯುವ ಕೆಲಸ, ನೀವು ತರಗತಿಯಲ್ಲಿ ಕಲಿತು ಮನೆಯಲ್ಲಿ ರೂಢಿಸಿಕೊಂಡ ಸಂಗತಿಗಳದ್ದು. ಕಳೆದ ಸಲ ಮೊದಲ ಅರ್ಧವನ್ನು ನೀವು ಒಬ್ಬರೇ ಮಾಡಿ ಮುಗಿಸಿದಿರಿ, ಅದೂ ಚೆನ್ನಾಗಿಯೇ. ಎರಡನೆಯ ಅರ್ಧವೊಂದು ಇದೆ ಎಂದು ನಿಮಗೆ ಯಾರೂ ಹೇಳಿರಲಿಲ್ಲ.

ಮನೋಬಲದ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಓದಿದರೆ ಪ್ರತಿಯೊಂದು ಸಲಹೆಯೂ ಬೈಗುಳದಂತೆ ಕೇಳಿಸುತ್ತದೆ. ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಸಂಶೋಧಕರು 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ತೂಕ ಹೆಚ್ಚಿದ್ದ 50 ಮಂದಿಗೆ ಹತ್ತು ವಾರ ಅತಿ ಕಡಿಮೆ ಕ್ಯಾಲೊರಿಯ ಆಹಾರ ಕೊಟ್ಟರು. ಅದನ್ನು ಪೂರೈಸಿದವರಲ್ಲಿ ಸರಾಸರಿ 13 ಕೆ.ಜಿ.ಗೂ ಹೆಚ್ಚು ಇಳಿಯಿತು. ಆಮೇಲೆ ಒಂದು ವರ್ಷದವರೆಗೆ ಅವರ ರಕ್ತದಲ್ಲಿನ ಹಾರ್ಮೋನುಗಳನ್ನು ಅಳೆದರು. ಕೊಬ್ಬಿನ ದಾಸ್ತಾನು ಎಷ್ಟಿದೆಯೆಂದು ಮಿದುಳಿಗೆ ತಿಳಿಸುವ ಲೆಪ್ಟಿನ್ ತಗ್ಗಿತ್ತು. ಹಸಿವು ಎಬ್ಬಿಸುವ ಗ್ರೆಲಿನ್ ಏರಿತ್ತು. ಉಂಡ ಮೇಲೆ ಸಾಕು ಎನ್ನಿಸುವ ಕರುಳಿನ ಹಾರ್ಮೋನುಗಳು ಇಳಿದಿದ್ದವು. ಒಂದು ವರ್ಷ ಕಳೆದರೂ ಇವು ಮೊದಲಿನ ಮಟ್ಟಕ್ಕೆ ಮರಳಿರಲಿಲ್ಲ, ಆ ಜನ ಮೊದಲಿಗಿಂತ ಹೆಚ್ಚು ಹಸಿದೇ ಇದ್ದರು. ಇದರ ಮೇಲೆ ಇನ್ನೊಂದು ಹೊರೆ: ತೂಕ ಇಳಿದ ದೇಹ ಅದೇ ಕೆಲಸಕ್ಕೆ ಮೊದಲಿಗಿಂತ ಕಡಿಮೆ ಶಕ್ತಿ ಖರ್ಚು ಮಾಡುತ್ತದೆ. ದೇಹ ಚಿಕ್ಕದಾದಷ್ಟಕ್ಕೆ ಲೆಕ್ಕ ಹಾಕಿದರೆ ಬರುವ ಇಳಿಕೆಗಿಂತ ಸ್ವಲ್ಪ ಹೆಚ್ಚೇ ಉಳಿಸುತ್ತದೆ.

ಆ ಹತ್ತು ತಿಂಗಳು ನೀವು ಹೊತ್ತಿದ್ದು ಇದನ್ನು. ಒಳಗಿನಿಂದ ಹಸಿವು ಜಗ್ಗುತ್ತಿತ್ತು, ಹೊರಗಿನಿಂದ ಹಳೆಯ ಅಭ್ಯಾಸಗಳು ಕರೆಯುತ್ತಿದ್ದವು, ನಡುವೆ ನೀವು ಒಬ್ಬರೇ ನಿಂತಿದ್ದಿರಿ. ನಿಮ್ಮ ಮನೆಯವರಿಗೆ ಈ ಒಂದು ಪ್ಯಾರಾವನ್ನು ಓದಿ ಹೇಳಿ. ಬೊಜ್ಜು ದೀರ್ಘಕಾಲದ ಕಾಯಿಲೆ. ರಕ್ತದೊತ್ತಡದ ಗುಳಿಗೆ ನಿಲ್ಲಿಸಿದಾಗ ಒತ್ತಡ ಏರಿದರೆ ನಾವು ರೋಗಿಯ ಮನೋಬಲವನ್ನು ದೂರುವುದಿಲ್ಲ, ಚಿಕಿತ್ಸೆ ಮುಂದುವರಿಯಬೇಕಿತ್ತು ಎನ್ನುತ್ತೇವೆ. ತೂಕದ ವಿಷಯದಲ್ಲಿಯೂ ಅದೇ ನ್ಯಾಯ ಇರಬೇಕು.

ಈಗ ಪುಡಿಯ ಕೆಲಸ ನೋಡೋಣ. ಅದರಲ್ಲಿ ಕೊಬ್ಬು ಕರಗಿಸುವ ಯಾವ ವಿಶೇಷ ಪದಾರ್ಥವೂ ಇಲ್ಲ. ಇರುವುದು ಅಳತೆ ಮಾಡಿದ ಪ್ರೋಟೀನ್, ಸ್ವಲ್ಪ ಕೊಬ್ಬು, ಸ್ವಲ್ಪ ಶರ್ಕರಪಿಷ್ಟ, ವಿಟಮಿನ್, ಖನಿಜಗಳು. ಅದರ ಬಲವೆಲ್ಲ ಅಳತೆಯಲ್ಲಿದೆ. ನಾವು ತಿಂದದ್ದನ್ನು ನಾವು ಅಂದಾಜು ಮಾಡುವುದರಲ್ಲಿ ಎಷ್ಟು ತಪ್ಪುತ್ತೇವೆ ಎನ್ನುವುದಕ್ಕೆ 1992ರಲ್ಲಿ ನ್ಯೂಯಾರ್ಕ್‌ನ ಸಂಶೋಧಕರು ಪ್ರಕಟಿಸಿದ ಅಧ್ಯಯನವೊಂದು ಸಾಕ್ಷಿ. ದಿನಕ್ಕೆ 1200 ಕ್ಯಾಲೊರಿಗಿಂತ ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ ಎನ್ನುತ್ತಿದ್ದವರನ್ನು ಪ್ರಯೋಗಾಲಯದಲ್ಲಿ ನಿಖರವಾಗಿ ಅಳೆದರು. ಅವರ ದೇಹ ಶಕ್ತಿ ಖರ್ಚು ಮಾಡುತ್ತಿದ್ದ ರೀತಿ ಸಹಜವಾಗಿಯೇ ಇತ್ತು. ಆದರೆ ಅವರು ತಾವು ತಿಂದದ್ದನ್ನು ಸರಾಸರಿ 47 ಶೇಕಡಾ ಕಡಿಮೆ ಬರೆದಿದ್ದರು, ಮಾಡಿದ ದೈಹಿಕ ಚಟುವಟಿಕೆಯನ್ನು 51 ಶೇಕಡಾ ಹೆಚ್ಚು ಬರೆದಿದ್ದರು. ಅವರು ಸುಳ್ಳುಗಾರರಾಗಿರಲಿಲ್ಲ. ಕಣ್ಣಳತೆ ಎಲ್ಲರಿಗೂ ಮೋಸ ಮಾಡುತ್ತದೆ, ಆಹಾರದ ಶಾಸ್ತ್ರ ಓದಿದವರಿಗೂ ಮಾಡುತ್ತದೆ. ಒಂದು ಪೊಟ್ಟಣಕ್ಕೆ 200 ಕ್ಯಾಲೊರಿ ಎಂದಿದ್ದರೆ ಅಲ್ಲಿ ಅಂದಾಜಿನ ಮಾತೇ ಇಲ್ಲ. ಎಷ್ಟು ಬಡಿಸಿಕೊಳ್ಳಲಿ, ಇನ್ನೊಂದಿಷ್ಟು ಹಾಕಿಕೊಳ್ಳಲೇ, ಉಳಿದದ್ದನ್ನು ಮುಗಿಸಿಬಿಡಲೇ ಎಂದು ದಿನಕ್ಕೆ ಹತ್ತಾರು ಸಲ ಏಳುವ ಪ್ರಶ್ನೆಗಳು ಸುಮ್ಮನಾಗುತ್ತವೆ. ಆ ಸುಮ್ಮನಿರುವಿಕೆಯೇ ಈ ಹಂತದ ದೊಡ್ಡ ಕೊಡುಗೆ ಎಂದು ನಾನು ನಂಬುತ್ತೇನೆ. ಆಹಾರದೊಂದಿಗಿನ ಜಗಳ ಕೆಲವು ವಾರ ನಿಂತಾಗ ಹೊಸದನ್ನು ಕಲಿಯಲು ಮನಸ್ಸಿಗೆ ಬಿಡುವು ಸಿಗುತ್ತದೆ. ಕಳೆದ ಸಲ ಆ ಬಿಡುವು ನಿಮಗೂ ಸಿಕ್ಕಿತ್ತು, ಆದರೆ ಏನನ್ನು ಕಲಿಯಬೇಕೆಂದು ಯಾರೂ ಮುಂದಿಟ್ಟಿರಲಿಲ್ಲ.

ಬದಲಿ ಆಹಾರದಲ್ಲಿ ಎರಡು ದಾರಿಗಳಿವೆ, ಇವನ್ನು ಜನ ಆಗಾಗ ಒಂದೇ ಎಂದುಕೊಳ್ಳುತ್ತಾರೆ. ಒಂದು ಭಾಗಶಃ ಬದಲಿ: ದಿನದ ಒಂದು ಅಥವಾ ಎರಡು ಊಟದ ಜಾಗದಲ್ಲಿ ಪೇಯ, ಉಳಿದದ್ದು ಸಾಮಾನ್ಯ ಊಟ. ನೀವು ಕಳೆದ ಸಲ ಮಾಡಿದ್ದು ಇದು. ಇನ್ನೊಂದು ಪೂರ್ಣ ಬದಲಿ: ಕೆಲವು ವಾರ ಬೇರೆ ಊಟವೇ ಇಲ್ಲ, ದಿನಕ್ಕೆ ಒಟ್ಟು 800ರಿಂದ 850 ಕ್ಯಾಲೊರಿಯ ಆಸುಪಾಸು ಪೇಯ ಮತ್ತು ಸೂಪ್‌ಗಳು ಮಾತ್ರ. ವೈದ್ಯರು ಈಗ ಹೇಳುತ್ತಿರುವುದು ಎರಡನೆಯದು. ಮೊದಲನೆಯದನ್ನು ಬಹಳ ಮಂದಿ ಸ್ವಂತವಾಗಿ ನಿಭಾಯಿಸುತ್ತಾರೆ. ಎರಡನೆಯದನ್ನು ಮಧುಮೇಹದ ಗುಳಿಗೆ ತೆಗೆದುಕೊಳ್ಳುವ ನೀವು ವೈದ್ಯರ ಕಣ್ಗಾವಲಿನಲ್ಲಲ್ಲದೆ ಒಂದು ದಿನವೂ ಮಾಡಕೂಡದು. ಇದರ ಕಾರಣಕ್ಕೆ ಮುಂದೆ ಬರುತ್ತೇನೆ.

ಪುಡಿಯೋ ತರಗತಿಯೋ ಎಂಬ ನಿಮ್ಮ ಪ್ರಶ್ನೆಗೆ ಅಂಕಿಗಳು ನೇರವಾಗಿ ಉತ್ತರ ಕೊಡುತ್ತವೆ. ಬದಲಿ ಆಹಾರದ ಬಗ್ಗೆ ನಡೆದ 23 ಪ್ರಯೋಗಗಳನ್ನು ಒಟ್ಟುಗೂಡಿಸಿದ ಪರಾಮರ್ಶೆ 2019ರಲ್ಲಿ ಬಂತು. ಒಂದು ವರ್ಷದ ಕೊನೆಗೆ, ಬೇರೆ ಪಥ್ಯ ಮಾಡಿದವರಿಗಿಂತ ಬದಲಿ ಆಹಾರ ತೆಗೆದುಕೊಂಡವರು ಸುಮಾರು ಒಂದೂವರೆ ಕೆ.ಜಿ. ಹೆಚ್ಚು ಇಳಿಸಿದ್ದರು. ಅದೇ ಬದಲಿ ಆಹಾರಕ್ಕೆ ಒತ್ತಾಸೆಯಾಗಿ ಹೆಚ್ಚಿನ ಮಾರ್ಗದರ್ಶನವೂ ಸೇರಿದಾಗ, ಸಾಧಾರಣ ಸಲಹೆ ಪಡೆದವರಿಗಿಂತ ಸುಮಾರು ಆರು ಕೆ.ಜಿ. ಹೆಚ್ಚು ಇಳಿದಿತ್ತು. ಒಂದೂವರೆಗೂ ಆರಕ್ಕೂ ಇರುವ ಅಂತರವನ್ನು ನೋಡಿ.

ಅಮೆರಿಕದಲ್ಲಿ 2001ರಲ್ಲಿ ಶುರುವಾದ ಲುಕ್ ಅಹೆಡ್ ಎಂಬ ದೊಡ್ಡ ಪ್ರಯೋಗದಲ್ಲಿ ಟೈಪ್ 2 ಮಧುಮೇಹವಿದ್ದ 5145 ಮಂದಿ ಇದ್ದರು. ಅರ್ಧದಷ್ಟು ಜನರಿಗೆ ಮೊದಲ ಆರು ತಿಂಗಳು ವಾರಕ್ಕೊಂದು ಭೇಟಿ, ವಾರಕ್ಕೆ 175 ನಿಮಿಷದ ನಡಿಗೆಯಂಥ ಚಟುವಟಿಕೆಯ ಗುರಿ, ಆರಂಭದ ತಿಂಗಳುಗಳಲ್ಲಿ ದಿನಕ್ಕೆ ಎರಡು ಊಟದ ಜಾಗದಲ್ಲಿ ಬದಲಿ ಆಹಾರ. ಮೊದಲ ವರ್ಷ ಅವರು ಸರಾಸರಿ 8.6 ಶೇಕಡಾ ತೂಕ ಇಳಿಸಿದರು, ಉಳಿದವರು 0.7 ಶೇಕಡಾ. ಬದಲಿ ಆಹಾರವನ್ನು ಹೆಚ್ಚು ಬಳಸಿದಷ್ಟೂ ಇಳಿಕೆ ಹೆಚ್ಚಿತ್ತು, ಅದನ್ನು ಮುಚ್ಚಿಡಬೇಕಿಲ್ಲ. ತರಗತಿಗೆ ಹೆಚ್ಚು ಬಂದವರೂ ಹೆಚ್ಚು ಇಳಿಸಿದ್ದರು. ಎಂಟನೆಯ ವರ್ಷದ ಕೊನೆಗೆ ಸರಾಸರಿ ಇಳಿಕೆ 4.7 ಶೇಕಡಾಕ್ಕೆ ಬಂದು ನಿಂತಿತ್ತು. ಅಂದರೆ ಒಂದಿಷ್ಟು ಮರಳಿ ಬಂದಿತ್ತು, ಎಲ್ಲವೂ ಅಲ್ಲ. ಹೃದಯಾಘಾತ ಮತ್ತು ಪಾರ್ಶ್ವವಾಯು ಈ ಪ್ರಯೋಗದಲ್ಲಿ ನಿರೀಕ್ಷಿಸಿದಂತೆ ಕಡಿಮೆಯಾಗಲಿಲ್ಲ, ಆ ಕಾರಣಕ್ಕೆ ಪ್ರಯೋಗವನ್ನು 2012ರಲ್ಲಿ ನಿಲ್ಲಿಸಿದರು. ಇದನ್ನೂ ನಿಮಗೆ ತಿಳಿಸಬೇಕಾದದ್ದು ನನ್ನ ಕರ್ತವ್ಯ. ತೂಕ ಇಳಿದ ಮಾತ್ರಕ್ಕೆ ರಕ್ತದೊತ್ತಡ, ಕೊಲೆಸ್ಟರಾಲ್ ಚಿಕಿತ್ಸೆಯನ್ನು ಮರೆಯುವಂತಿಲ್ಲ.

ನಿಮಗೆ ಇನ್ನೂ ಹತ್ತಿರವಾದ ಪ್ರಯೋಗ ಬ್ರಿಟನ್ನಿನ ಡೈರೆಕ್ಟ್. ಅದರ ಮೊದಲ ವರ್ಷದ ಫಲಿತಾಂಶ 2017ರಲ್ಲಿ ಬಂತು. ಟೈಪ್ 2 ಮಧುಮೇಹ ಬಂದು ಆರು ವರ್ಷದೊಳಗಿನ, ಇನ್ಸುಲಿನ್ ತೆಗೆದುಕೊಳ್ಳದ 306 ಮಂದಿ ಅದರಲ್ಲಿದ್ದರು. ಅವರಲ್ಲಿ ಅರ್ಧದಷ್ಟು ಜನರಿಗೆ ಮೂರರಿಂದ ಐದು ತಿಂಗಳು ದಿನಕ್ಕೆ 825ರಿಂದ 853 ಕ್ಯಾಲೊರಿಯ ಪೂರ್ಣ ಬದಲಿ, ಆಮೇಲೆ ಎರಡರಿಂದ ಎಂಟು ವಾರದಲ್ಲಿ ಹಂತಹಂತವಾಗಿ ಸಾಮಾನ್ಯ ಊಟ, ಆಮೇಲೆ ತಿಂಗಳಿಗೊಂದು ಭೇಟಿ. ಈ ಗುಂಪಿನಲ್ಲಿ ಒಂದು ವರ್ಷದ ಕೊನೆಗೆ ಸರಾಸರಿ 10 ಕೆ.ಜಿ. ಇಳಿದಿತ್ತು. 46 ಶೇಕಡಾ ಜನರ ಸಕ್ಕರೆ ಅಂಶ ಗುಳಿಗೆಯಿಲ್ಲದೆಯೇ ಮಧುಮೇಹದ ಮಟ್ಟಕ್ಕಿಂತ ಕೆಳಗಿತ್ತು. 15 ಕೆ.ಜಿ. ಅಥವಾ ಅದಕ್ಕಿಂತ ಹೆಚ್ಚು ಇಳಿಸಿದವರಲ್ಲಿ ಈ ಪ್ರಮಾಣ 86 ಶೇಕಡಾ. ಎರಡನೆಯ ವರ್ಷದ ಕೊನೆಗೆ ಒಟ್ಟು 36 ಶೇಕಡಾ ಮಂದಿ ಆ ಸ್ಥಿತಿಯಲ್ಲಿ ಉಳಿದಿದ್ದರು. ಮಧುಮೇಹ ಬಂದು ಮೂರೇ ವರ್ಷವಾದ ನಿಮ್ಮಂಥವರಿಗೆ ಇದು ದೊಡ್ಡ ಅವಕಾಶ. ವರ್ಷ ಕಳೆದಂತೆ ಇನ್ಸುಲಿನ್ ತಯಾರಿಸುವ ಜೀವಕೋಶಗಳು ಚೇತರಿಸಿಕೊಳ್ಳುವ ಸಾಮರ್ಥ್ಯ ಕುಂದುತ್ತದೆ. ನಿಮ್ಮ ವೈದ್ಯರು ಈಗಲೇ ಎನ್ನುತ್ತಿರುವುದು ಬಹುಶಃ ಇದನ್ನು ನೋಡಿಯೇ, ಮತ್ತು ನಾನು ಅವರ ಪರ.

ವೇಗವಾಗಿ ಇಳಿದದ್ದು ವೇಗವಾಗಿ ಮರಳುತ್ತದೆ ಎಂದು ನಿಮಗೆ ಹಲವರು ಹೇಳಿರಬಹುದು. ಇದನ್ನು ಪರೀಕ್ಷಿಸಿಯೇ ನೋಡಿದ್ದಾರೆ. 2014ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗದಲ್ಲಿ 200 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ 12 ವಾರದ ಶೀಘ್ರ ಇಳಿಕೆ, ಇನ್ನೊಂದಕ್ಕೆ 36 ವಾರದ ನಿಧಾನ ಇಳಿಕೆಯ ಕ್ರಮ ಕೊಟ್ಟರು. ಗುರಿ ಮುಟ್ಟಿದವರು ಮೊದಲ ಗುಂಪಿನಲ್ಲಿ 81 ಶೇಕಡಾ, ಎರಡನೆಯದರಲ್ಲಿ 50. ಮುಂದಿನ ಸುಮಾರು ಮೂರು ವರ್ಷಗಳಲ್ಲಿ ಎರಡೂ ಗುಂಪಿನವರು ಇಳಿಸಿದ್ದರ 71 ಶೇಕಡಾದಷ್ಟನ್ನು ಮರಳಿ ಪಡೆದಿದ್ದರು. ವೇಗಕ್ಕೂ ಮರಳುವುದಕ್ಕೂ ನಂಟು ಕಾಣಲಿಲ್ಲ. ನಿಧಾನವಾಗಿ ಇಳಿಸಿದರೂ ಆಮೇಲಿನ ಸಿದ್ಧತೆ ಇಲ್ಲದಿದ್ದರೆ ತೂಕ ಅಷ್ಟೇ ಮರಳುತ್ತದೆ.

ಸುರಕ್ಷತೆಯ ಪ್ರಶ್ನೆಗೆ ಬರುತ್ತೇನೆ. ಇಲ್ಲಿ ಆತುರ ಬೇಡ, ನಿಧಾನವಾಗಿ ಓದಿ. 1970ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ದ್ರವರೂಪದ ಪ್ರೋಟೀನ್ ಪಥ್ಯ ಮಾಡಿದವರಲ್ಲಿ ಸುಮಾರು 60 ಮಂದಿ ಸತ್ತರು, ಹಲವರು ಹೃದಯದ ಬಡಿತ ತಪ್ಪಿ. ಆ ದ್ರವವನ್ನು ಮುಖ್ಯವಾಗಿ ಪ್ರಾಣಿಗಳ ಚರ್ಮ ಮತ್ತು ಸ್ನಾಯುರಜ್ಜುಗಳ ಕೊಲ್ಯಾಜನ್‌ನಿಂದ ತಯಾರಿಸುತ್ತಿದ್ದರು. ಅದು ಕೀಳು ದರ್ಜೆಯ ಪ್ರೋಟೀನ್, ಜೊತೆಗೆ ಬೇಕಾದ ಖನಿಜಗಳೂ ಇರಲಿಲ್ಲ. ಆ ಸಾವುಗಳ ನೆನಪು ಇಂದಿನ ನಿಯಮಗಳ ಹಿಂದಿದೆ. ಆಹಾರದ ಅಂತರರಾಷ್ಟ್ರೀಯ ಮಾನದಂಡವಾದ ಕೋಡೆಕ್ಸ್ ಪ್ರಕಾರ, ಒಂದು ಊಟಕ್ಕೆ ಬದಲಿಯಾದ ತಯಾರಿಕೆಯಲ್ಲಿ 200ರಿಂದ 400 ಕ್ಯಾಲೊರಿ ಇರಬೇಕು, ಅದರ ಕಾಲು ಭಾಗದಿಂದ ಅರ್ಧದವರೆಗೆ ಪ್ರೋಟೀನಿನಿಂದ ಬರಬೇಕು. ದಿನದ ಪೂರ್ಣ ಆಹಾರಕ್ಕೆ ಬದಲಿಯಾದರೆ 800ರಿಂದ 1200 ಕ್ಯಾಲೊರಿ. ಅದಕ್ಕಿಂತ ಕಡಿಮೆಯದಕ್ಕೆ ಬೇರೆಯೇ ಮಾನದಂಡವಿದೆ. ಅದು ವೈದ್ಯಕೀಯ ಮೇಲ್ವಿಚಾರಣೆಯ ಆಹಾರ, ಅದರಲ್ಲಿಯೂ ದಿನಕ್ಕೆ 50 ಗ್ರಾಂಗಿಂತ ಕಡಿಮೆ ಪ್ರೋಟೀನ್ ಇರಕೂಡದು. ವ್ಯಾಯಾಮಶಾಲೆಗೆ ಹೋಗುವವರು ಬಳಸುವ ಬರೀ ಪ್ರೋಟೀನ್ ಪುಡಿ ಊಟದ ಬದಲಿಯಲ್ಲ. ಎರಡೂ ಡಬ್ಬಿಗಳು ಒಂದೇ ಥರ ಕಾಣುತ್ತವೆ. ವಿಟಮಿನ್, ಖನಿಜಗಳು ಮತ್ತು ಅಗತ್ಯ ಕೊಬ್ಬಿನಾಮ್ಲಗಳು ಎಷ್ಟಿವೆ ಎಂಬ ಪಟ್ಟಿ ಪೂರ್ತಿಯಾಗಿಲ್ಲದ ಡಬ್ಬಿಯನ್ನು ಊಟದ ಜಾಗದಲ್ಲಿ ಇಡಬೇಡಿ.

ನಿಮ್ಮ ನಿಜವಾದ ಅಪಾಯ ಪುಡಿಯಲ್ಲಿಲ್ಲ, ಗುಳಿಗೆಗಳಲ್ಲಿದೆ. ಊಟ ದಿಢೀರನೆ 800 ಕ್ಯಾಲೊರಿಗೆ ಇಳಿದಾಗ ರಕ್ತದ ಸಕ್ಕರೆ ದಿನಗಳಲ್ಲೇ ಇಳಿಯುತ್ತದೆ, ತೂಕ ಇಳಿಯುವವರೆಗೂ ಕಾಯುವುದಿಲ್ಲ. ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್ ಗುಂಪಿನ ಗುಳಿಗೆ ನಿಮ್ಮದಾಗಿದ್ದರೆ, ಅದನ್ನು ಹಾಗೆಯೇ ನುಂಗುತ್ತಿದ್ದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನದಾಗಿದ್ದರೆ ತೊಂದರೆ ಬೇರೆ ಬಗೆಯದು: ಶರ್ಕರಪಿಷ್ಟ ತೀರಾ ಕಡಿಮೆಯಾದಾಗ ರಕ್ತ ಆಮ್ಲೀಯವಾಗುವ ಕೀಟೋಅಸಿಡೋಸಿಸ್ ಬರಬಹುದು, ಅದೂ ಸಕ್ಕರೆಯ ಅಂಕಿ ಹೆಚ್ಚೇನೂ ಏರದೆ. ಈ ಎರಡೂ ಗುಂಪುಗಳನ್ನು ಸಾಮಾನ್ಯವಾಗಿ ಪೂರ್ಣ ಬದಲಿಯ ಮೊದಲ ದಿನವೇ ನಿಲ್ಲಿಸುತ್ತಾರೆ. ಡೈರೆಕ್ಟ್ ಪ್ರಯೋಗದಲ್ಲಿ ಮಧುಮೇಹದ ಗುಳಿಗೆಗಳ ಜೊತೆ ರಕ್ತದೊತ್ತಡದ ಗುಳಿಗೆಗಳನ್ನೂ ಮೊದಲ ದಿನ ನಿಲ್ಲಿಸಿ, ಬೇಕಾದಾಗ ಮರಳಿ ಕೊಡುತ್ತಿದ್ದರು. ಇದರರ್ಥ ನೀವೇ ನಿಲ್ಲಿಸಬೇಕು ಎಂದಲ್ಲ. ಯಾವ ಗುಳಿಗೆಯನ್ನು ಯಾವ ದಿನ ನಿಲ್ಲಿಸುವುದು, ಯಾವ ಅಂಕಿ ಕಂಡರೆ ಮತ್ತೆ ಶುರು ಮಾಡುವುದು, ಇವೆರಡನ್ನೂ ವೈದ್ಯರಿಂದ ಕಾಗದದ ಮೇಲೆ ಬರೆಸಿಕೊಳ್ಳಿ. ಆ ಕಾಗದ ಕೈಯಲ್ಲಿಲ್ಲದೆ ಮೊದಲ ಪೊಟ್ಟಣ ತೆರೆಯಬೇಡಿ. ಕಣ್ಣಿನ ಅಕ್ಷಿಪಟಲದ ಪರೀಕ್ಷೆ ಈಚೆಗೆ ಆಗಿಲ್ಲದಿದ್ದರೆ ಅದನ್ನೂ ಮಾಡಿಸಿ, ಏಕೆಂದರೆ ಸಕ್ಕರೆ ವೇಗವಾಗಿ ಇಳಿದಾಗ ಮೊದಲೇ ಇರುವ ಅಕ್ಷಿಪಟಲದ ತೊಂದರೆ ಕೆರಳಬಹುದು.

ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಟೈಪ್ 1 ಮಧುಮೇಹ ಇರುವವರು, ಈಚೆಗೆ ಹೃದಯಾಘಾತವಾದವರು, ಮೂತ್ರಪಿಂಡ ಅಥವಾ ಯಕೃತ್ತಿನ ತೀವ್ರ ಕಾಯಿಲೆಯವರು ಪೂರ್ಣ ಬದಲಿಗೆ ಕೈಹಾಕಬಾರದು. ಇನ್ನೊಂದು ಗುಂಪನ್ನು ವೈದ್ಯರು ಕೇಳದೆ ಬಿಟ್ಟುಬಿಡುವುದುಂಟು: ಒಮ್ಮೆಲೇ ಹಿಡಿತವಿಲ್ಲದೆ ತಿನ್ನುವ, ತಿಂದು ವಾಂತಿ ಮಾಡಿಕೊಳ್ಳುವ ಕಾಯಿಲೆ ಇದ್ದವರು. ನಿಮ್ಮಲ್ಲಿ ಅಂಥದ್ದೇನಾದರೂ ಇದ್ದರೆ, ಯಾವತ್ತೋ ಇದ್ದಿದ್ದರೂ ಸರಿ, ನಾಚಿಕೆಪಡದೆ ಹೇಳಿ. ಉಳಿದಂತೆ ಮಲಬದ್ಧತೆ, ಚಳಿ, ತಲೆಸುತ್ತು, ಬಾಯಿವಾಸನೆ ಸಾಮಾನ್ಯ. ದಿನಕ್ಕೆ ಎರಡು ಲೀಟರಿಗೂ ಹೆಚ್ಚು ನೀರು ಮತ್ತು ವೈದ್ಯರು ಒಪ್ಪಿದ ನಾರಿನಂಶ ಇವನ್ನು ಬಹುಮಟ್ಟಿಗೆ ತಗ್ಗಿಸುತ್ತವೆ. ಕೆಲವರಿಗೆ ಎರಡು ಮೂರು ತಿಂಗಳ ನಂತರ ಕೂದಲು ಉದುರುತ್ತದೆ, ಗಾಬರಿಯಾಗುತ್ತದೆ, ಆದರೆ ಮತ್ತೆ ಬೆಳೆಯುತ್ತದೆ. ಹೊಟ್ಟೆಯ ಬಲ ಮೇಲ್ಭಾಗದಲ್ಲಿ ತೀವ್ರ ನೋವು ಬಂದರೆ ಮಾತ್ರ ತಡಮಾಡಬೇಡಿ. ವೇಗದ ಇಳಿಕೆ ಪಿತ್ತಕೋಶದಲ್ಲಿ ಕಲ್ಲು ಕಟ್ಟುವ ಸಂಭವವನ್ನು ಹೆಚ್ಚಿಸುತ್ತದೆ. ಒಳ್ಳೆಯ ತಯಾರಿಕೆಗಳಲ್ಲಿ ಒಂದಿಷ್ಟು ಕೊಬ್ಬನ್ನು ಉಳಿಸಿರುವುದು ಪಿತ್ತಕೋಶ ಆಗಾಗ ಸಂಕುಚಿಸಿ ಖಾಲಿಯಾಗಲಿ ಎಂಬ ಕಾರಣಕ್ಕೆ.

ಮೊದಲ ವಾರದಲ್ಲಿ ಮೂರು ನಾಲ್ಕು ಕೆ.ಜಿ. ಇಳಿದರೆ ಹಿಗ್ಗಬೇಡಿ. ಅದರಲ್ಲಿ ಹೆಚ್ಚಿನದು ನೀರು. ಯಕೃತ್ತು ಮತ್ತು ಸ್ನಾಯುಗಳಲ್ಲಿರುವ ಸಕ್ಕರೆಯ ದಾಸ್ತಾನಾದ ಗ್ಲೈಕೋಜನ್ ತನ್ನ ಪ್ರತಿ ಗ್ರಾಂಗೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಅದು ಖರ್ಚಾದಾಗ ನೀರೂ ಹೋಗುತ್ತದೆ. ಮುಂದೆ ಊಟ ಶುರುವಾದಾಗ ಒಂದೆರಡು ಕೆ.ಜಿ. ಮರಳುವುದೂ ಈ ನೀರೇ. ಕಳೆದ ಸಲ ಆ ಒಂದೆರಡು ಕೆ.ಜಿ.ಯನ್ನು ಕಂಡು, ಎಲ್ಲ ಮುಗಿಯಿತು ಎಂದು ನೀವು ಕೈಚೆಲ್ಲಿರಬಹುದು ಎಂಬ ಅನುಮಾನ ನನಗಿದೆ. ಬಹಳ ಮಂದಿ ಸೋಲುವುದು ಅಲ್ಲಿಯೇ.

ಇನ್ನು ತರಗತಿ. ಜೀವನಶೈಲಿ ಶಿಕ್ಷಣ ಎಂಬ ಹೆಸರಿನಲ್ಲಿ ಎರಡು ತೀರಾ ಬೇರೆ ಸಂಗತಿಗಳು ನಡೆಯುತ್ತವೆ. ಒಂದರಲ್ಲಿ ಯಾರೋ ಮುಂದೆ ನಿಂತು ಯಾವುದನ್ನು ತಿನ್ನಬೇಕು, ಯಾವುದನ್ನು ತಿನ್ನಬಾರದು ಎಂದು ಹೇಳುತ್ತಾರೆ, ನೀವು ಕೇಳಿಸಿಕೊಂಡು ಮನೆಗೆ ಬರುತ್ತೀರಿ. ಅದರಿಂದ ಬಹಳ ಫಲವಿಲ್ಲ. ಹಣ್ಣು ತರಕಾರಿ ಒಳ್ಳೆಯದು ಎಂದು ನಿಮಗೆ ಮೊದಲೇ ಗೊತ್ತು. ಇನ್ನೊಂದರಲ್ಲಿ ನೀವು ಕಳೆದ ವಾರದ ಲೆಕ್ಕದ ಪುಸ್ತಕ ತೆಗೆದಿಡುತ್ತೀರಿ. ಬುಧವಾರ ಸಂಜೆ ಕೆಲಸದಿಂದ ಬಂದು, ಊಟಕ್ಕೆ ಮೊದಲೇ ನಿಂತಲ್ಲಿಯೇ ಕೈಗೆ ಸಿಕ್ಕಿದ್ದನ್ನು ತಿಂದಿರಿ ಎಂದು ಅದರಲ್ಲಿದೆ. ಆಗ ಮಾತು ಅಲ್ಲಿಂದ ಶುರುವಾಗುತ್ತದೆ: ಅದಕ್ಕೆ ಮೊದಲು ಏನಾಯಿತು, ಮಧ್ಯಾಹ್ನ ಎಷ್ಟು ಹೊತ್ತಿಗೆ ಉಂಡಿರಿ, ಹಿಂದಿನ ರಾತ್ರಿ ಎಷ್ಟು ನಿದ್ರೆಯಾಗಿತ್ತು, ಆ ತಿನಿಸು ಕಣ್ಣಿಗೆ ಕಾಣುವ ಜಾಗದಲ್ಲಿ ಏಕಿತ್ತು, ಮುಂದಿನ ಬುಧವಾರ ಯಾವ ಒಂದನ್ನು ಬದಲಿಸಿ ನೋಡುತ್ತೀರಿ. ಇಂಥ ಕೆಲಸ ವಾರದಿಂದ ವಾರಕ್ಕೆ ನಡೆದಾಗ ಅಭ್ಯಾಸ ಬದಲಾಗುತ್ತದೆ. ಅಮೆರಿಕದ ಮಧುಮೇಹ ತಡೆ ಪ್ರಯೋಗದಲ್ಲಿ, 3234 ಮಂದಿಯ ಮೇಲೆ ನಡೆದು 2002ರಲ್ಲಿ ಪ್ರಕಟವಾದದ್ದು ಅದು, ಇಂಥದ್ದೇ ಶಿಕ್ಷಣ ಪಡೆದವರಲ್ಲಿ ಹೊಸದಾಗಿ ಮಧುಮೇಹ ಬರುವುದು 58 ಶೇಕಡಾ ತಗ್ಗಿತು. ಮೆಟ್‌ಫಾರ್ಮಿನ್ ಗುಳಿಗೆ ಪಡೆದವರಲ್ಲಿ ಇಳಿಕೆ 31 ಶೇಕಡಾ. ಒಳ್ಳೆಯ ಶಿಕ್ಷಣ ಒಂದು ಗುಳಿಗೆಯನ್ನು ಮೀರಿಸಬಲ್ಲದು.

ಆದ್ದರಿಂದ ಸೇರುವ ಮೊದಲು ಅವರನ್ನು ನಾಲ್ಕು ಮಾತು ಕೇಳಿ. ಗುಂಪಿನಲ್ಲಿ ಎಷ್ಟು ಜನ? ಪ್ರತಿ ಸಲ ನಡೆಸುವವರು ಒಬ್ಬರೇ, ಅಥವಾ ಬದಲಾಗುತ್ತಾರೆಯೇ? ನಾನು ಬರೆದದ್ದನ್ನು ಯಾರಾದರೂ ಓದುತ್ತಾರೆಯೇ? ಪೇಯದ ಹಂತ ಮುಗಿದ ಮೇಲೆ ಎಷ್ಟು ತಿಂಗಳು ನನ್ನನ್ನು ನೋಡುತ್ತೀರಿ? ಕೊನೆಯ ಪ್ರಶ್ನೆಗೆ ತಡವರಿಸಿದರೆ ಬೇರೆ ಕಡೆ ಹುಡುಕಿ. ಪುಡಿ ಮಾರುವವರೇ ತರಗತಿ ನಡೆಸುತ್ತಿದ್ದರೆ ನನಗೆ ಅಳುಕು ಹೆಚ್ಚು, ಏಕೆಂದರೆ ನೀವು ಪುಡಿ ಬಿಡುವುದರಲ್ಲಿ ಅವರಿಗೆ ಲಾಭವಿಲ್ಲ.

ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಬೇಕಾದದ್ದು ಪೇಯದಿಂದ ಊಟಕ್ಕೆ ಮರಳುವ ವಾರಗಳ ಬಗ್ಗೆ. ಕಳೆದ ಸಲ ನೀವು ಒಂದು ದಿನ ಡಬ್ಬಿ ಮುಗಿಸಿದಿರಿ, ಮರುದಿನ ಹಳೆಯ ತಟ್ಟೆಯ ಮುಂದೆ ಕುಳಿತಿರಿ. ಆ ತಟ್ಟೆ ಮೂರು ತಿಂಗಳ ಹಿಂದೆ ಎಷ್ಟು ದೊಡ್ಡದಿತ್ತೋ ಅಷ್ಟೇ ಇತ್ತು. ಈ ಸಲ ಮರುದಿನದ ತಟ್ಟೆ ಹೇಗಿರಬೇಕೆಂದು ಎಂಟನೆಯ ವಾರದಲ್ಲಿಯೇ ಬರೆದಿಡಿ. ಮೊದಲು ದಿನಕ್ಕೆ ಒಂದೇ ಊಟ ಮರಳಲಿ, ಉಳಿದದ್ದು ಪೇಯ. ಆ ಊಟ ಸುಮಾರು 400 ಕ್ಯಾಲೊರಿಯದು: ಅರ್ಧ ತಟ್ಟೆ ತರಕಾರಿ, ಕಾಲು ಭಾಗ ಪ್ರೋಟೀನ್ ಇರುವ ಆಹಾರ, ಕಾಲು ಭಾಗ ಧಾನ್ಯ. ಮೊದಲ ಎರಡು ವಾರ ತಕ್ಕಡಿಯಲ್ಲಿ ತೂಗಿಯೇ ಬಡಿಸಿಕೊಳ್ಳಿ. ತೂಗುವುದು ಕಿರಿಕಿರಿಯೆಂದು ನನಗೆ ಗೊತ್ತು. ಅದು ಶಿಕ್ಷೆಯಲ್ಲ, ಕೆಟ್ಟುಹೋದ ಕಣ್ಣಳತೆಯನ್ನು ರಿಪೇರಿ ಮಾಡುವ ಒಂದೇ ದಾರಿ. ಎರಡು ಮೂರು ವಾರದ ನಂತರ ಎರಡನೆಯ ಊಟ, ಮತ್ತೆ ಕೆಲವು ವಾರ ಬಿಟ್ಟು ಮೂರನೆಯದು. ಪ್ರತಿ ಹಂತದಲ್ಲಿಯೂ ತೂಕ ನೋಡಿ, ನಿಂತಿದ್ದರೆ ಮಾತ್ರ ಮುಂದಿನ ಹೆಜ್ಜೆ. ಯಾವ ಊಟವನ್ನು ಮೊದಲು ಮರಳಿಸುವುದು ಎನ್ನುವುದು ನಿಮ್ಮ ಮನೆಯ ವ್ಯವಸ್ಥೆಗೆ ಬಿಟ್ಟದ್ದು. ನನ್ನ ಸಲಹೆ, ಮನೆಯವರ ಜೊತೆ ಕುಳಿತು ಉಣ್ಣುವ ಊಟ ಮೊದಲು ಬರಲಿ. ಹನ್ನೆರಡು ವಾರ ಬೇರೆ ಕುಳಿತವರು ಮರಳಿ ಪಂಕ್ತಿಗೆ ಬರುವುದೂ ಚಿಕಿತ್ಸೆಯ ಭಾಗ.

ವ್ಯಾಯಾಮಕ್ಕೂ ಇಂಥದ್ದೇ ಹೊತ್ತಿದೆ. 800 ಕ್ಯಾಲೊರಿಯ ವಾರಗಳಲ್ಲಿ ಬೆವರು ಸುರಿಸುವ ಕಸರತ್ತು ಬೇಡ, ದಿನನಿತ್ಯದ ಓಡಾಟ ಮತ್ತು ಸ್ನಾಯು ಕರಗದಂತೆ ಸ್ವಲ್ಪ ಭಾರ ಎತ್ತುವ ಅಭ್ಯಾಸ ಸಾಕು. ಊಟ ಮರಳುವಾಗ ನಡಿಗೆ ಹೆಚ್ಚಲಿ. ತೂಕ ಇಳಿಸುವುದರಲ್ಲಿ ವ್ಯಾಯಾಮದ ಪಾಲು ಚಿಕ್ಕದು, ಇಳಿದದ್ದನ್ನು ಹಿಡಿಯುವುದರಲ್ಲಿ ದೊಡ್ಡದು. ಅದಕ್ಕೆ ವಾರಕ್ಕೆ 200ರಿಂದ 300 ನಿಮಿಷ ಬೇಕಾಗುತ್ತದೆ. ಮಂಡಿನೋವು ಇದ್ದರೆ ಹೆದರಬೇಡಿ: ಇಳಿದ ಪ್ರತಿ ಕೆ.ಜಿ.ಗೆ ನಡೆಯುವಾಗ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕೆ.ಜಿ. ತಗ್ಗುತ್ತದೆ. ಹತ್ತು ಕೆ.ಜಿ. ಇಳಿದ ಮೇಲೆ ನೀವು ನಡೆಯುವ ನಡಿಗೆ ಇಂದಿನದರಂತೆ ಇರುವುದಿಲ್ಲ.

ತೂಕ ಮತ್ತೆ ಬರುವುದಿಲ್ಲವೇ ಎಂದಿರಿ. ಸ್ವಲ್ಪ ಬರುತ್ತದೆ. ಡೈರೆಕ್ಟ್ ಪ್ರಯೋಗದಲ್ಲಿ ಐದು ವರ್ಷದವರೆಗೆ ಬೆಂಬಲ ಮುಂದುವರಿದವರು ಸರಾಸರಿ 6 ಕೆ.ಜಿ.ಯಷ್ಟು ಇಳಿಕೆಯನ್ನು ಉಳಿಸಿಕೊಂಡಿದ್ದರು. ಆರು ಕೆ.ಜಿ. ಕೇಳಲು ಚಿಕ್ಕದು. ಆದರೆ ಆ ಐದು ವರ್ಷ ಏನೂ ಮಾಡದೆ ಇದ್ದಿದ್ದರೆ ತೂಕ ಏರುತ್ತಲೇ ಹೋಗುತ್ತಿತ್ತು ಎನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ನಿಮ್ಮ 96ರಲ್ಲಿ ಐದರಿಂದ ಹತ್ತು ಶೇಕಡಾ, ಅಂದರೆ 5ರಿಂದ 10 ಕೆ.ಜಿ. ಇಳಿದು ನಿಂತರೂ ರಕ್ತದೊತ್ತಡ, ಸಕ್ಕರೆ, ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆ ಎಲ್ಲವೂ ಹಗುರಾಗುತ್ತವೆ. ಅಷ್ಟಕ್ಕೂ ಸಾಲದಿದ್ದರೆ ಹಸಿವಿನ ಹಾರ್ಮೋನುಗಳ ಮೇಲೆ ಕೆಲಸ ಮಾಡುವ ಹೊಸ ಔಷಧಿಗಳಿವೆ, ಶಸ್ತ್ರಚಿಕಿತ್ಸೆಯಿದೆ. ಅವನ್ನು ಕೇಳುವುದು ಸೋಲಲ್ಲ.

ಮರಳುವ ತೂಕವನ್ನು ಹಿಡಿಯುವ ಉಪಾಯವೊಂದನ್ನು ಅಮೆರಿಕದಲ್ಲಿ 314 ಮಂದಿಯ ಮೇಲೆ ಪ್ರಯೋಗಿಸಿ 2006ರಲ್ಲಿ ಪ್ರಕಟಿಸಿದರು. ಅವರೆಲ್ಲ ಆಗಲೇ ತೂಕ ಇಳಿಸಿದ್ದವರು. ಪ್ರತಿದಿನ ತೂಕ ನೋಡಿಕೊಳ್ಳುವುದು, ಸಂಚಾರ ದೀಪದಂತೆ ಹಸಿರು, ಹಳದಿ, ಕೆಂಪು ಗೆರೆಗಳನ್ನು ಹಾಕಿಕೊಳ್ಳುವುದು, ಕೆಂಪು ಮುಟ್ಟಿದ ಕೂಡಲೇ ಮೊದಲೇ ಗೊತ್ತು ಮಾಡಿಕೊಂಡ ಕ್ರಮಕ್ಕೆ ಇಳಿಯುವುದು. ಸುಮಾರು ಎರಡೂಕಾಲು ಕೆ.ಜಿ. ಏರಿದರೆ ಕೆಂಪು. 18 ತಿಂಗಳ ಕೊನೆಗೆ, ಮುಖಾಮುಖಿ ತರಗತಿಗೆ ಬಂದವರಲ್ಲಿ 46 ಶೇಕಡಾ ಮಂದಿ ಮಾತ್ರ ಆ ಗೆರೆ ದಾಟಿದ್ದರು. ಅಂಚೆಯಲ್ಲಿ ಕರಪತ್ರ ಪಡೆದವರಲ್ಲಿ 72. ಎರಡು ಕೆ.ಜಿ. ಇಳಿಸುವುದು ಯಾರಿಗೂ ಸಾಧ್ಯ. ಎಂಟು ಕೆ.ಜಿ. ಆದ ಮೇಲೆ ಎಚ್ಚರಗೊಂಡರೆ ಮತ್ತೆ ಮೊದಲಿನಿಂದ ಶುರು. ಪ್ರತಿದಿನ ತೂಕ ನೋಡುವುದು ನಿಮಗೆ ಯಾತನೆ ಕೊಡುವುದಾದರೆ ವಾರಕ್ಕೊಮ್ಮೆ ಸಾಕು. ಆದರೆ ಗೆರೆಯನ್ನು ಈಗಲೇ ಬರೆದಿಟ್ಟುಕೊಳ್ಳಿ, ಮತ್ತು ಆ ಗೆರೆ ಮುಟ್ಟಿದ ದಿನ ಯಾರಿಗೆ ಫೋನ್ ಮಾಡುತ್ತೀರಿ ಎಂದೂ ಬರೆದಿಡಿ.

ಆ ಎರಡು ಡಬ್ಬಿಗಳ ವಿಷಯ. ಅವಧಿ ಮುಗಿದಿದ್ದರೆ ಎಸೆಯಿರಿ, ಅದರಲ್ಲಿನ ವಿಟಮಿನ್‌ಗಳ ಪ್ರಮಾಣಕ್ಕೆ ಈಗ ಖಾತ್ರಿಯಿಲ್ಲ. ಮುಗಿದಿಲ್ಲದಿದ್ದರೂ ಪೂರ್ಣ ಬದಲಿಯ 12 ವಾರಗಳಿಗೆ ಅವನ್ನು ಬಳಸಬೇಡಿ. ದಿನದ ಒಂದೆರಡು ಊಟಕ್ಕೆ ಬದಲಿಯಾಗಿ ಮಾಡಿದ ಪುಡಿಯೊಂದೇ ಇಡೀ ದಿನದ ಪೋಷಣೆಯನ್ನು ಹೊರುವಂತೆ ತಯಾರಾಗಿರುವುದಿಲ್ಲ. ಲೇಬಲ್ ಕಾಣುವಂತೆ ಒಂದು ಡಬ್ಬಿಯನ್ನು ಗುಳಿಗೆಗಳ ಚೀಟಿಯ ಜೊತೆ ಮುಂದಿನ ಭೇಟಿಗೆ ತೆಗೆದುಕೊಂಡು ಹೋಗಿ. ವೈದ್ಯರು ಸರಿಯೆಂದರೆ ಅವೆರಡನ್ನೂ ಕೆಂಪು ಗೆರೆ ಮುಟ್ಟುವ ವಾರಕ್ಕೆ ಎತ್ತಿಡಿ, ಆಗ ದಿನಕ್ಕೆ ಒಂದು ಊಟದ ಜಾಗದಲ್ಲಿ ಬಳಸಿ.